ಪೋರ್ಚುಗಲ್ಲಿನ ಘನ ಇಂಗ್ಲಿಷು

ನಾನು ಕಂಪ್ಯೂಟರಿನಲ್ಲಿ ಕಸೂತಿ ಮಾಡುವವಳು. ಸೂಜಿ ಹಿಡಿಯುವುದಿಲ್ಲ, ಗಿರಾಕಿಗಳು ಕಳಿಸಿದ ಚಿತ್ರವನ್ನು ಎಂಬ್ರಾಯ್ಡರಿ ಮೆಷಿನ್ನಿಗೆ ತಿಳಿಯುವ ಹೊಲಿಗೆಗಳಾಗಿ ಬದಲಿಸಿ ಕೊಡುತ್ತೇನೆ. ಮನೆ ಬೆಳ್ತಂಗಡಿ ಕಡೆಯ ಕಕ್ಕಿಂಜೆಯಲ್ಲಿ, ಗಿರಾಕಿಗಳು ಎಲ್ಲೆಲ್ಲೋ. ಅವರಲ್ಲಿ ಕಾಯಂ ಆಗಿ ಕೆಲಸ ಕೊಡುವವರು ಒಬ್ಬರೇ, ಪೋರ್ಚುಗಲ್ಲಿನಲ್ಲಿ ಮಕ್ಕಳ ಬಟ್ಟೆಯಂಗಡಿ ಇಟ್ಟ ಯಜಮಾನರು.

ನಾನು ಓದಿದ್ದು ಕನ್ನಡ ಮಾಧ್ಯಮ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಕುಳಿತರೆ ಒಂದು ವಾಕ್ಯವೂ ಮುಗಿಯುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೂ ಅವರಿಗೆ ಪತ್ರ ಬರೆದದ್ದು ಎಐ. ‘ಬಾತುಕೋಳಿಯ ಕಸೂತಿ ನಾಳೆ ಕೊಡ್ತೇನೆ’ ಎಂದು ನಾನು ಕನ್ನಡದಲ್ಲಿ ಹಾಕಿದರೆ, ಅದು ಕುಶಲ ವಿಚಾರಿಸಿ, ತಡವಾದದ್ದಕ್ಕೆ ವಿಷಾದಿಸಿ, ಮುಂದಿನ ಸಹಕಾರ ಕೋರಿ, ಪುಟ ತುಂಬ ಇಂಗ್ಲಿಷ್ ಮಾಡಿ ಕೊಡುತ್ತಿತ್ತು. ಎಂಥ ಗತ್ತು! ನಮ್ಮ ಹೆಡ್‌ಮಾಸ್ಟರರೂ ಅಂಥ ಇಂಗ್ಲಿಷ್ ಬರೆದದ್ದನ್ನು ನಾನು ಕಂಡಿಲ್ಲ. ಅದರ ಮೇಲೆ ನನಗೆ ಇವತ್ತಿಗೂ ಅಭಿಮಾನ. ಕೇಳಿದ್ದನ್ನೇ ಎಷ್ಟು ಸಲ ಕೇಳಿದರೂ ಮುಖ ಗಂಟು ಹಾಕುವುದಿಲ್ಲ. ನಾನಾದರೆ ಎರಡನೆಯ ಸಲಕ್ಕೇ ಹಾರಾಡುತ್ತೇನೆ.

ಆ ಕಡೆಯಿಂದ ಬರುವ ಉತ್ತರಗಳು ಇನ್ನೂ ಘನವಾಗಿರುತ್ತಿದ್ದವು. ಓದಿದಾಗಲೆಲ್ಲ ಕೋಟು ತೊಟ್ಟು ಗಂಭೀರವಾಗಿ ಕುಳಿತ ಮನುಷ್ಯರೊಬ್ಬರು ಕಣ್ಣ ಮುಂದೆ ಬರುತ್ತಿದ್ದರು.

ಹೋದ ವರ್ಷ ಅವರ ಒಂದು ಪತ್ರ ಬಂತು. ಇನ್ನು ಅಂಗಡಿಯ ಇಡೀ ಕಸೂತಿ ಕೆಲಸವನ್ನು ಒಬ್ಬರಿಗೇ ಒಪ್ಪಿಸಬೇಕೆಂದಿದ್ದೇನೆ, ಅದಕ್ಕೆ ಮೊದಲು ವಿಡಿಯೋ ಕಾಲಿನಲ್ಲಿ ಮಾತಾಡಬೇಕು, ಎಂದಿತ್ತು. ನನ್ನ ಜೀವ ಬಾಯಿಗೆ ಬಂತು. ಬಾಯಿ ಬಿಟ್ಟರೆ ಬಣ್ಣ ಬಯಲು. ಅವರೊಬ್ಬರು ಕೈಬಿಟ್ಟರೆ ನಾನು ಮತ್ತೆ ಮೊದಲಿನಿಂದ ಗಿರಾಕಿ ಹುಡುಕಬೇಕು.

ನಮ್ಮಲ್ಲಿ ನೆಟ್‌ವರ್ಕ್ ಕೈಕೊಡುತ್ತದೆಂದು ಬೆಳ್ತಂಗಡಿಯ ಅತ್ತಿಗೆಯ ಮನೆಗೆ ಹೊರಟೆ. ಬಸ್ಸಿನಲ್ಲಿ ಉದ್ದಕ್ಕೂ ಇಂಗ್ಲಿಷ್ ವಾಕ್ಯಗಳ ಬಾಯಿಪಾಠ. ಇಳಿಯುವಾಗ ಒಂದೂ ನೆನಪಿಲ್ಲ. ಅತ್ತಿಗೆ ನಕ್ಕರು.

“ಈಗ ಫೋನೇ ಒಂದು ಭಾಷೆಯಿಂದ ಇನ್ನೊಂದಕ್ಕೆ ಮಾಡಿ ಹೇಳ್ತದಲ್ಲ? ನೀನು ಕನ್ನಡದಲ್ಲೇ ಮಾತಾಡು ಮಾರಾಯ್ತಿ. ಅದರಲ್ಲಿ ನಾಚಿಕೆ ಎಂಥದ್ದುಂಟು?”

ಕನ್ನಡವೆಂದರೂ ನನಗೆ ಅಳುಕೇ. ಮನೆಮಾತು ತುಳು, ಕನ್ನಡ ಬಂದದ್ದು ಶಾಲೆಯಿಂದ. ಹಿಂದೆ ತರಬೇತಿಗೆಂದು ಬೆಂಗಳೂರಿಗೆ ಹೋದಾಗ ರೂಮಿನ ಹುಡುಗಿಯರು, “ಏನೇ, ಪುಸ್ತಕ ನೋಡ್ಕೊಂಡು ಓದ್ತಿದ್ದೀಯಾ?” ಎಂದು ಗೋಳು ಹೊಯ್ದುಕೊಂಡಿದ್ದರು. ಅಂದಿನಿಂದ ಹೊರಗಿನವರ ಎದುರು ನಾನು ಬಾಯಿ ತೆರೆಯುವುದೇ ಕಡಿಮೆ.

ನನ್ನ ಫೋನಿಗೆ ಕಾಲ್ ಬಂತು. ಕೋಟಿಲ್ಲ, ಗಾಂಭೀರ್ಯವೂ ಇಲ್ಲ. ಹಳೆಯ ಸ್ವೆಟರಿನ, ಬೋಳುತಲೆಯ ಒಬ್ಬರು ಚೀಟಿ ಹಿಡಿದುಕೊಂಡು ಬೆವರುತ್ತಿದ್ದರು. ಚೀಟಿಯ ಇಂಗ್ಲಿಷನ್ನು ಓದಲು ಹೊರಟು ಅರ್ಧಕ್ಕೆ ಸಿಕ್ಕಿಹಾಕಿಕೊಂಡು, ಮತ್ತೆ ಮೊದಲಿನಿಂದ ಓದಿದರು. ಬಸ್ಸಿನಲ್ಲಿ ನಾನು ಪಟ್ಟ ಪಾಡೇ ಅದು! ನನಗೆ ನಗು ತಡೆಯಲಾಗಲಿಲ್ಲ. ಭಾಷಾಂತರಕ್ಕೆಂದು ಪಕ್ಕದಲ್ಲಿಟ್ಟಿದ್ದ ಅತ್ತಿಗೆಯ ಫೋನನ್ನು ಹತ್ತಿರಕ್ಕೆ ಎಳೆದುಕೊಂಡೆ.

“ಆ ಪತ್ರಗಳನ್ನು ಬರೆದದ್ದು ನಾನಲ್ಲ, ಎಐ. ಹೊಲಿಗೆ ಮಾತ್ರ ನನ್ನದು.”

ಫೋನು ಅದನ್ನು ಪೋರ್ಚುಗೀಸಿನಲ್ಲಿ ಹೇಳಿತು. ಅವರು ಚೀಟಿಯನ್ನು ಮುದ್ದೆ ಮಾಡಿ ಬಿಸಾಡಿ, ಗಹಗಹಿಸಿ ನಕ್ಕು ಏನೋ ಹೇಳಿದರು. ಫೋನು ಕನ್ನಡಕ್ಕೆ ತಂದಿತು: “ನನ್ನ ಪತ್ರಗಳನ್ನೂ ಅದುವೇ ಬರೆಯುತ್ತದೆ. ನಿಮ್ಮ ಇಂಗ್ಲಿಷಿಗೆ ಹೆದರಿ ಇಷ್ಟು ದಿನ ನಾನು ಕಾಲ್ ಮಾಡಿರಲಿಲ್ಲ.”

ಆಮೇಲೆ ಮಾತೇ ಮಾತು. ಅತ್ತಿಗೆ ನಡುವೆ ಬಾಯಿ ಹಾಕಿ ತುಳುವಿನಲ್ಲಿ ಗಡಗಡ ಹೇಳಿದಾಗ ಫೋನು ತಬ್ಬಿಬ್ಬಾಯಿತು. ನನ್ನ ನಿಧಾನದ ಕನ್ನಡವನ್ನು ಮಾತ್ರ ಒಂದು ಸಲವೂ ತಪ್ಪಿಲ್ಲದೆ ಹಿಡಿಯಿತು. ಅವರ ಮಾತೂ ಥೇಟ್ ನಮ್ಮ ಶಾಲೆಯ ಕನ್ನಡದಲ್ಲೇ ಹೊರಗೆ ಬರುತ್ತಿತ್ತು, ನಮ್ಮದೇ ಬೆಂಚಿನಲ್ಲಿ ಕುಳಿತು ಕಲಿತವರ ಹಾಗೆ. ಬೆಂಗಳೂರಿನ ಆ ಹುಡುಗಿಯರು ಕೇಳಬೇಕಿತ್ತು! ನನಗೆ ನಿಜಕ್ಕೂ ಹೆಮ್ಮೆಯಾಯಿತು. ಕಾಲ್ ಮುಗಿಯುವ ಮೊದಲೇ ಯಜಮಾನರು ಕೆಲಸವನ್ನೆಲ್ಲ ನನಗೇ ಒಪ್ಪಿಸಿದರು.

ಮರುದಿನ, ನಾನು ಕಳಿಸಿದ್ದ ಹಕ್ಕಿಯ ಕಸೂತಿಯ ಬಗ್ಗೆ ಅವರ ಪತ್ರ ಬಂತು. ಕುಶಲವಿಲ್ಲ, ವಿಷಾದವಿಲ್ಲ. ಅವರೇ ಕೂಡಿಸಿದ ಮುರುಕು ಇಂಗ್ಲಿಷಿನಲ್ಲಿ ಇಷ್ಟೇ: ಹಕ್ಕಿ ಚಂದ. ಕಣ್ಣು ಸಣ್ಣ. ದೊಡ್ಡ ಮಾಡಿ.

ಅಭ್ಯಾಸಬಲದಿಂದ ಎಐ ತೆರೆದೆ. ಮತ್ತೆ ಮುಚ್ಚಿ, ‘ಸರಿ, ನಾಳೆ ಕೊಡುವೆ’ ಎಂದು ನಾನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದೆ.