ಚೇಳಿನ ಆಯಿಯ ಒಂದೇ ಪ್ರಶ್ನೆ

ಮೊನ್ನೆ ಹುಣಸೆಹಣ್ಣು ಬಿಡಿಸುವಾಗ ಕೈಗೆ ಸಿಕ್ಕ ಬೀಜವೊಂದನ್ನು ಏನೂ ಯೋಚಿಸದೆ ನೆಲದ ಕಲ್ಲಿಗೆ ತಿಕ್ಕಿದೆ. ಚುರ್ರೆಂದು ಬಿಸಿಯಾಯಿತು. ಆ ಸಣ್ಣ ಸುಟ್ಟ ವಾಸನೆ ಮೂಗಿಗೆ ಬಂದದ್ದೇ ಕೆಲಸ ಬಿಟ್ಟು ಎದ್ದು ಹೊರಗೆ ಹೋದೆ. ಮತ್ತೆ ಒಳಗೆ ಬಂದೆ. ಕೂರಲಾಗಲಿಲ್ಲ.

ಅದರ ಹಿಂದಿನ ದಿನವಷ್ಟೇ ತಂಗಿ ನನ್ನ ಕಾದಂಬರಿಯ ಹಸ್ತಪ್ರತಿ ಹಿಂತಿರುಗಿಸಿದ್ದಳು. ಎಲ್ಲೂ ಇಲ್ಲದ ಒಂದು ರಾಜ್ಯ, ಅಲ್ಲೊಬ್ಬ ಮಂತ್ರವಾದಿ, ಅಂಥ ಕಥೆ. ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ಅವಳೇ. "ಅಕ್ಕಾ, ನಿನ್ನ ಮಂತ್ರವಾದಿ ಕೈ ಎತ್ತಿದ್ರ ಸಾಕು, ಎಲ್ಲಾ ಆಗ್ತದ. ಅವನ ಗಂಟೇನೂ ಹೋಗಂಗಿಲ್ಲ. ಹಿಂಗಾದ್ರ ಯಾರು ನಂಬ್ತಾರ?" ಎಂದಿದ್ದಳು.

ನಂಬುವಂಥ ಮಂತ್ರವನ್ನು ನಾನು ಕಂಡಿದ್ದೆ. ನಮ್ಮೂರು ಸಗರದಲ್ಲಿ ನಮ್ಮ ಗೋಡೆಗೆ ಹೊಂದಿಕೊಂಡ ಮನೆಯ ಮುದುಕಿಯನ್ನು ಊರೆಲ್ಲ ಚೇಳಿನ ಆಯಿ ಎನ್ನುತ್ತಿತ್ತು. ಚೇಳು ಕಡಿದ ಮನೆಯಿಂದ ಯಾರಾದರೂ ಓಡಿ ಬಂದರೆ ಆಯಿ ಉಣ್ಣುವ ತಾಟು ಬಿಟ್ಟು ಏಳಬೇಕು. ಆ ಮನೆಯ ಚಹಾ ಸಹ ಕುಡಿಯುವಂತಿಲ್ಲ. ಹಾವಿಗೆ ಅವಳ ಬಳಿ ಏನೂ ಇರಲಿಲ್ಲ, ಇಲ್ಲವೆಂದು ಹೇಳಲು ನಾಚಿಕೆಯೂ ಇರಲಿಲ್ಲ. ಅದಕ್ಕೇ ಕರೆಯಲು ಬಂದವರಿಗೆ ಮೊದಲು ಒಂದು ಪ್ರಶ್ನೆ: "ಕಣ್ಣಿಲೆ ನೋಡಿಯೇನು?" ನೋಡಿಲ್ಲವೆಂದರೆ ಶಹಾಪುರದ ದವಾಖಾನೆಗೆ ಕಳಿಸುತ್ತಿದ್ದಳು. ನೋಡಿದ್ದೇನೆ ಎಂದರೆ ಹುಣಸೆಬೀಜವನ್ನು ಕಲ್ಲಿಗೆ ತಿಕ್ಕಿ, ಬಿಸಿಯಿರುವಾಗಲೇ ಕಡಿದಲ್ಲಿ ಅಂಟಿಸಿ, ತುಟಿ ಅಲ್ಲಾಡಿಸುತ್ತ ಕೂರುತ್ತಿದ್ದಳು. ಮಂತ್ರ ನಡೆಯುವುದು ಕರೆಯಲು ಬಂದವರ ಮಾತಿನ ಮೇಲೆ, ಆ ಮಾತು ಸುಳ್ಳಾದರೆ ಮಂತ್ರ ತನ್ನನ್ನು ಬಿಟ್ಟು ಹೋಗುತ್ತದೆ ಎಂದು ಅವಳು ನಂಬಿದ್ದಳು.

ನನಗೆ ಹನ್ನೊಂದು, ತಂಗಿಗೆ ಆರು. ಬಣವಿಯ ಸಂದಿಯಲ್ಲಿ ಬೆಕ್ಕು ಮರಿ ಹಾಕಿತ್ತು. ಅಲ್ಲಿ ಕೈ ಹಾಕಬೇಡಿರೆಂದು ಅಪ್ಪ ಹೇಳಿದ್ದ. ನನ್ನ ಕೈ ಹಿಡಿಸಲಿಲ್ಲ. ನಿನ್ನದು ಸಣ್ಣ ಕೈ, ನೀನು ಹಾಕು ಎಂದೆ. ಹಾಕಿದಳು, ಚೀರಿದಳು. ಕಡಿದದ್ದು ಏನೆಂದು ನಾನು ನೋಡಲಿಲ್ಲ... ದವಾಖಾನೆಯೆಂದರೆ ಅಪ್ಪನಿಗೆ ಗೊತ್ತಾಗುತ್ತದೆ, ಆಯಿಯೆಂದರೆ ಅಪ್ಪ ಹೊಲದಿಂದ ಬರುವುದರೊಳಗೆ ಮುಗಿಯುತ್ತದೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಓಡಿದೆ.

"ಕಣ್ಣಿಲೆ ನೋಡಿಯೇನು?"

"ನೋಡೀನಿ ಆಯಿ. ಕರೀ ಚೇಳು."

ಆಯಿ ಬಂದು ಬೀಜ ತಿಕ್ಕಿ ಅಂಟಿಸಿದಳು. ಸ್ವಲ್ಪ ಹೊತ್ತು... ಎಷ್ಟು ಹೊತ್ತೆಂದು ಇಂದಿಗೂ ನೆನೆಯಲು ನೋಡುತ್ತೇನೆ. ಬೀಜ ಉದುರಿತು. ತಂಗಿಯ ರೆಪ್ಪೆಗಳು ಇಳಿಯತೊಡಗಿದ್ದವು. ಆಯಿ ಅವಳ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಇದು ಚೇಳಲ್ಲ, ಹಾವು," ಎಂದವಳೇ ತಂಗಿಯನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿ ಟಂಟಂ ರಿಕ್ಷಾ ನಿಲ್ಲಿಸಿದಳು. ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ತಂಗಿ ಉಳಿದಳು. ಬಲಗೈಯ ನಡುಬೆರಳು ಮಡಚಲು ಬರುವುದಿಲ್ಲ. ಆ ದಿನದ್ದು ಅವಳಿಗೆ ಏನೂ ನೆನಪಿಲ್ಲ. ತಡವಾದದ್ದಕ್ಕೆ ಅಪ್ಪ ಆಯಿಯ ಬಾಗಿಲಲ್ಲಿ ನಿಂತು ಬೈದ, ಓಣಿಯವರೂ ಬೈದರು. ಆಯಿ ನನ್ನ ಹೆಸರು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅಂದಿನಿಂದ ಯಾರು ಓಡಿ ಬಂದರೂ ಆಯಿ ಏಳುತ್ತಿರಲಿಲ್ಲ. "ಅದು ಹೋಗ್ಯದ. ದವಾಖಾನಿಗೆ ಹೋಗ್ರಿ," ಎನ್ನುತ್ತಿದ್ದಳು. ಒಮ್ಮೆ ಅವಳಿಗೇ ಚೇಳು ಕಡಿಯಿತು. ಬೀಜ ಮುಟ್ಟಲಿಲ್ಲ, ದಿನವಿಡೀ ನರಳಿದಳು. ಗೋಡೆಯ ಈಚೆ ಕೂತು ನಾನು ಕೇಳಿದೆ.

ಆಯಿ ತೀರಿಹೋಗಿ ಬಹಳ ವರ್ಷಗಳಾದವು. ಅವಳ ಮಂತ್ರ ನಿಜವಿತ್ತೋ ಇಲ್ಲವೋ ನನಗೆ ತಿಳಿಯದು. ಅದರ ಕಟ್ಟಳೆಯನ್ನು ಅವಳು ಕೊನೆಯವರೆಗೂ ಮುರಿಯಲಿಲ್ಲ.

ಬೀಜ ತಿಕ್ಕಿದ ಆ ದಿನವೇ ಅಧ್ಯಾಯವನ್ನು ಮತ್ತೆ ಬರೆಯಲು ಕೂತೆ. ಮಂತ್ರವಾದಿ ಈಗ ಒಂದೇ ಪ್ರಶ್ನೆ ಕೇಳುತ್ತಾನೆ. ಸುಳ್ಳು ಉತ್ತರ ನಂಬಿ ಎಲ್ಲ ಕಳೆದುಕೊಳ್ಳುತ್ತಾನೆ. ನಿನ್ನೆ ತಂಗಿ ಓದಿದಳು. "ಈಗ ನಂಬಾಕ ಬರ್ತದ," ಎಂದಳು. ಆಮೇಲೆ ಮಡಚದ ಬೆರಳನ್ನು ಹಾಳೆಯ ಮೇಲಿಟ್ಟು, "ಸುಳ್ಳ ಹೇಳಿದವರು ಯಾರಂತ ನೀ ಬರದೇ ಇಲ್ಲಲ್ಲ, ಅಕ್ಕಾ," ಎಂದಳು.

ಬರೆಯುತ್ತೇನೆ ಎಂದೆ. ಕ್ಷಮೆ ಕೇಳಬೇಕಾದ ಇಬ್ಬರಲ್ಲಿ ಒಬ್ಬಳು ಇಲ್ಲ. ಇದನ್ನು ಬರೆದು ಮೇಜಿನ ಮೇಲೆ ಇಟ್ಟಿದ್ದೇನೆ. ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ತಂಗಿ.