ಗುಬ್ಬಿಯವಳು ದ್ವೀಪದಲ್ಲಿ ಕುದುರೆ ಏರಿದ್ದು

ಫೆಬ್ರವರಿ ತಿಂಗಳು, ಮಂಗಳವಾರ, ಬೆಳಗ್ಗೆ ಎಂಟು ಗಂಟೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ನಮ್ಮ ಮಗಳು. ಸ್ಥಳ, ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದ ಬಂದರು. ಮಗಳು ತುಮಕೂರಿನಲ್ಲಿ ನರ್ಸಿಂಗ್ ಓದಿ ಈಗ ಪ್ರವಾಸಿ ಹಡಗಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಸಿಬ್ಬಂದಿಯ ತಂದೆತಾಯಿಗೆ ಹಡಗಿನಲ್ಲಿ ಜಾಗ ಸಿಗುವ ಅವಕಾಶವಿತ್ತು. ತುಮಕೂರಿನ ಉಪ್ಪಾರಹಳ್ಳಿಯ ಮನೆಗೆ ಬೀಗ ಹಾಕಿ ಬಂದಿದ್ದೆವು. ಅಂದು ಅವಳಿಗೆ ಮಧ್ಯಾಹ್ನ ಎರಡರವರೆಗೆ ಬಿಡುವು.

ನಾನು ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಮೂವತ್ನಾಲ್ಕು ವರ್ಷ ಕುದುರೆಗಳ ಚಾಕರಿ ಮಾಡಿದವನು. ಕೊನೆಯ ಹನ್ನೊಂದು ವರ್ಷ ಒಂದು ಲಾಯದ ಪೂರ್ತಿ ಹೊಣೆ ನನ್ನದು. ನಾಲ್ಕಕ್ಕೆ ಎದ್ದು ನಾಲ್ಕೂವರೆಗೆ ಮೊದಲ ಕುದುರೆಯ ಮುಂದೆ ನಿಲ್ಲಬೇಕಿತ್ತು. ನಿಲ್ಲದ ದಿನವಿಲ್ಲ. ಹೆಂಡತಿ ಗುಬ್ಬಿಯವಳು. ಮದುವೆಯಾದಾಗಿನಿಂದ ನಾನು ನಿವೃತ್ತನಾಗುವವರೆಗೂ ಫಾರಂ ಕ್ವಾರ್ಟರ್ಸಿನಲ್ಲೇ ಸಂಸಾರ. ಕಿಟಕಿ ತೆಗೆದರೆ ಕುದುರೆ ಕಾಣುತ್ತಿತ್ತು. ಆದರೆ ಒಮ್ಮೆಯೂ ಅದರ ಬೆನ್ನ ಮೇಲೆ ಕೂತವಳಲ್ಲ. ಅವು ರೇಸಿನ ತಳಿ, ಮನೆಯವರನ್ನು ಹತ್ತಿಸುವಂತಿರಲಿಲ್ಲ. ಹೊಸತರಲ್ಲಿ ಒಂದು ಸಲ ಕೇಳಿದ್ದಳು. ಆಗುವುದಿಲ್ಲ ಎಂದೆ. ಮತ್ತೆ ಕೇಳಲಿಲ್ಲ. ಮಗಳ ಹತ್ತಿರ ಮಾತ್ರ ಹೇಳಿಕೊಂಡಿದ್ದಳಂತೆ. ಈ ದ್ವೀಪದ ಕಡಲ ದಂಡೆಯಲ್ಲಿ ಕುದುರೆ ಸವಾರಿ ಇದೆಯೆಂದು ತಿಳಿದ ಕೂಡಲೇ ಮಗಳು ಅಮ್ಮನ ಹೆಸರಿಗೆ ಹನ್ನೊಂದು ಗಂಟೆಯ ಸವಾರಿ ಗೊತ್ತುಮಾಡಿದ್ದಳು.

ಬಂದರಿನಲ್ಲಿ ನಮ್ಮ ಹಡಗು ಊರಿಗಿಂತ ಎತ್ತರವಾಗಿ ನಿಂತಿತ್ತು. ಹಡಗುಕಟ್ಟೆ ಇಳಿದರೆ ಎಡಕ್ಕೆ ಹುಲ್ಲಿನ ಟೋಪಿ, ಜಾಯಿಕಾಯಿ ಮಾರುವ ಅಂಗಡಿಗಳು. ಬಲಕ್ಕೆ ಉಕ್ಕಿನ ಡ್ರಮ್ಮುಗಳನ್ನು ಇಂಪಾಗಿ ನುಡಿಸುವ ಮೂವರು. ಒಂಬತ್ತರೊಳಗೆ ಗುಡ್ಡದ ಕೋಟೆ ಹತ್ತಿ, ಸಮುದ್ರದ ಕಡೆ ಬಾಯಿ ತೆರೆದ ಫಿರಂಗಿಗಳನ್ನು ನೋಡಿದೆವು. ಇಳಿಯುವಾಗ ಎಳನೀರು ಕುಡಿದೆವು. ಮಾರುವವನು ಆರಿಸಿದ ಕಾಯನ್ನು ಹೆಂಡತಿ ಬೆರಳಿನಿಂದ ತಟ್ಟಿ ವಾಪಸ್ ಇಟ್ಟಳು.

"ಇದು ಬಲ್ತೋಗೈತೆ. ತೆಂಗಿನ ಸೀಮೆಯೋಳಿಗೆ ಟೋಪಿ ಹಾಕ್ತಾನಲ್ಲೇ ಇವ್ನು," ಎಂದು ಮಗಳಿಗೆ ಹೇಳಿ ತಾನೇ ಬೇರೆ ಆರಿಸಿದಳು. ಅವನು ನಕ್ಕು, ಅವಳು ತೋರಿಸಿದ್ದನ್ನೇ ಕೊಚ್ಚಿಕೊಟ್ಟ.

ಹತ್ತೂಮುಕ್ಕಾಲಿಗೆ ದಂಡೆಗೆ ಬಂದೆವು. ಹೆಂಡತಿ ಮಗಳ ಚೂಡಿದಾರ ತೊಟ್ಟಿದ್ದಳು. "ನಮ್ಮಣ್ಣ ನೋಡಿದ್ರೆ ಗುಬ್ಬಿಗೆಲ್ಲ ಡಂಗುರ ಸಾರ್ತಾನೆ," ಎಂದು ಮೂರು ಸಲ ಹೇಳಿದಳು; ಆದರೆ ಕಣ್ಣು ಕುದುರೆಯ ಮೇಲೇ ಇತ್ತು. ಬೇರೆ ಕುದುರೆಗಳನ್ನು ಇನ್ನೊಂದು ಗುಂಪು ಆಗಲೇ ಕರೆದುಕೊಂಡು ಹೋಗಿತ್ತು. ವಯಸ್ಸಾದವರಿಗೆಂದು ಉಳಿಸಿದ್ದ ಕಂದು ಬಣ್ಣದ ಹೆಣ್ಣು ಕುದುರೆಯೊಂದೇ ಬಾದಾಮಿ ಮರದ ಕೆಳಗೆ ನಿಂತಿತ್ತು. ಅದರ ಒಡತಿ, ಅಗಲ ಟೋಪಿಯ ಹೆಂಗಸು, ಅದನ್ನು ನಮ್ಮ ಕಡೆ ನಡೆಸಿಕೊಂಡು ಬಂದಳು.

ಎಡ ಮುಂಗಾಲು ನೆಲಕ್ಕೆ ಊರಿದಾಗಲೆಲ್ಲ ಕುದುರೆ ತಲೆಯನ್ನು ಒಂದಿಷ್ಟು ಮೇಲೆತ್ತುತ್ತಿತ್ತು. ಬೇರೆಯವರಿಗೆ ಕಾಣುವಂಥದ್ದಲ್ಲ.

"ನಿಲ್ಸಿ," ಎಂದೆ. ಕನ್ನಡದಲ್ಲೇ ಅಂದಿದ್ದೆ. ಆಕೆ ನಿಂತಳು.

"ಏನಾಯ್ತಪ್ಪ?" ಎಂದಳು ಮಗಳು.

"ಕಾಲು ನೋಯ್ತಾ ಇದೆ ಅದಕ್ಕೆ. ಹತ್ಬಾರ್ದು."

ಹೆಂಡತಿ ನನ್ನನ್ನೇ ನೋಡಿದಳು. "ಅಲ್ಲೂ ಆಗಲ್ಲ ಅಂದ್ರಿ. ಸಮುದ್ರ ದಾಟ್ಕಂಡು ಇಲ್ಲಿಗೆ ಬಂದ್ರೂ ಆಗಲ್ಲ ಅಂತೀರಲ್ರೀ."

ಅವಳು ಹೇಳಿದ್ದು ನಿಜವೇ. ಆದರೆ ನೋಯುವ ಕಾಲಿನ ಮೇಲೆ ಯಾರ ಭಾರವನ್ನೂ ಹೊರಿಸಿದವನಲ್ಲ ನಾನು. ಅವಳ ಭಾರವನ್ನೂ ಹೊರಿಸಲಾರೆ.

ಒಡತಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗಳು ತಿಳಿಸಿದಳು: "ಬೆಳಗ್ಗೆ ಚೆನ್ನಾಗೇ ಇತ್ತಂತೆ. ನಿಮ್ಮಪ್ಪ ಡಾಕ್ಟ್ರಾ ಅಂತ ಕೇಳ್ತವ್ರೆ."

"ಅಲ್ಲ ಅನ್ನು. ಮೂವತ್ನಾಲ್ಕು ವರ್ಷ ಲದ್ದಿ ಬಾಚಿದೋನು ಅನ್ನು."

ಮಗಳು ಏನು ಹೇಳಿದಳೋ, ಆಕೆ ಜೋರಾಗಿ ನಕ್ಕಳು. ಆಮೇಲೆ ಕುದುರೆಯ ಬಾಯಿ ತೋರಿಸಿ ವಯಸ್ಸೆಷ್ಟು ಎಂದು ಕೇಳಿದಳು. ಪರೀಕ್ಷೆ. ತುಟಿ ಸರಿಸಿ ಹಲ್ಲು ನೋಡಿ, ಹತ್ತು ಬೆರಳು, ಮತ್ತೆ ನಾಲ್ಕು ಬೆರಳು ಎತ್ತಿದೆ. ಆಕೆ ಸರಿಯೆಂದು ತಲೆಯಾಡಿಸಿ ಹಗ್ಗವನ್ನು ನನ್ನ ಕೈಗೆ ಕೊಟ್ಟಳು.

"ಬಸ್ ಬೇಟಾ, ಬಸ್," ಎನ್ನುತ್ತಾ ಹೆಗಲಿನಿಂದ ಕಾಲಿನವರೆಗೆ ಕೈ ಇಳಿಸಿದೆ. ನನಗೆ ಕೆಲಸ ಕಲಿಸಿದ ಉಸ್ತಾದರು ಕುದುರೆಗಳನ್ನು ಸಮಾಧಾನ ಮಾಡುತ್ತಿದ್ದ ಉರ್ದು ಮಾತದು. ಕುದುರೆ ತಾನಾಗಿ ಕಾಲು ಎತ್ತಿಕೊಟ್ಟಿತು.

"ಎಲ್ಲಾ ದೇಶದ ಕುದ್ರೆಗೂ ಇವ್ರ ಮಾತು ತಿಳಿಯುತ್ತೆ. ನನ್ ಮಾತು ಮಾತ್ರ ಇವ್ರಿಗೆ ತಿಳಿಯಲ್ಲ ಕಣೇ," ಎಂದಳು ಹೆಂಡತಿ. ದನಿ ಸ್ವಲ್ಪ ಇಳಿದಿತ್ತು.

ಗೊರಸಿನ ಸೀಳಿನಲ್ಲಿ ಉಗುರಿನಷ್ಟು ಹವಳದ ಚೂರು ಸಿಕ್ಕಿಕೊಂಡಿತ್ತು. ಒಡತಿ ಕೊಟ್ಟ ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಕೆರೆದೆ, ಚೂರು ಹೊರಬಂತು. ಅದು ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೆಬ್ಬೆರಳಿನಿಂದ ಅಂಗಾಲೆಲ್ಲ ಒತ್ತಿದೆ, ಕುದುರೆ ಕದಲಲಿಲ್ಲ. ಬಿಸಿಯಿರಲಿಲ್ಲ, ಗಾಯವಿರಲಿಲ್ಲ. ಗಟ್ಟಿ ದಾರಿಯಲ್ಲಿ ಎರಡು ಸಲ ನಡೆಸಿದೆ, ಬಲಕ್ಕೊಂದು ಎಡಕ್ಕೊಂದು ಸುತ್ತು ಹಾಕಿಸಿದೆ. ತಲೆ ಒಂದೇ ಮಟ್ಟದಲ್ಲಿತ್ತು. ಅಷ್ಟರಲ್ಲಿ ಹನ್ನೆರಡಾಯಿತು.

"ಈಗ ಹತ್ತು," ಎಂದೆ.

"ನಿಜ್ವಾಗ್ಲೂನಾ?"

"ನಾನು ಹೇಳಿದ್ಮೇಲೆ ಇನ್ನೇನೇ?"

ಮರದ ಮಣೆಯ ಮೇಲೆ ನಿಂತು, ಮಗಳ ಹೆಗಲು ಹಿಡಿದು ಅವಳು ಜೀನಿನ ಮೇಲೆ ಕೂತಳು. ಒಡತಿ ಹಿಂದೆ ಸರಿದು ನನಗೇ ಮುಂದೆ ನಡೆಯುವಂತೆ ಕೈ ಮಾಡಿದಳು. ಹಗ್ಗ ಹಿಡಿದು ಹೊರಟೆ. ಮೊದಲ ನೂರು ಹೆಜ್ಜೆ ಅವಳು ಜೀನನ್ನು ಬಿಗಿಯಾಗಿ ಹಿಡಿದಿದ್ದಳು. "ಬೆನ್ನು ನೆಟ್ಟಗಿರ್ಲಿ," ಎಂದೆ. ನೆಟ್ಟಗಾದಳು. ತಿಳಿನೀರು ಕುದುರೆಯ ಮೊಣಕಾಲು ಮುಟ್ಟಿದಾಗ ತಿರುಗಿ ನೋಡಿದೆ. ಒಂದು ಕೈ ಬಿಟ್ಟು ಕುದುರೆಯ ಕತ್ತು ಸವರುತ್ತಿದ್ದಳು. ಬೆಲೆಬಾಳುವ ಕುದುರೆಗಳನ್ನು ದೊಡ್ಡ ದೊಡ್ಡವರ ಮುಂದೆ ನಡೆಸಿದ್ದೇನೆ. ಆ ಯಾವ ದಿನವೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

"ರೀ, ಇನ್ನೊಂದ್ ಸುತ್ತು," ಎಂದಳು.

ಇನ್ನೊಂದು ಸುತ್ತು ಹಾಕಿಸಿದೆ. ಕೇಳದಿದ್ದರೂ ಮತ್ತೊಂದು ಹಾಕಿಸಿದೆ.

ಇಳಿದಾಗ ಒಂದೂಕಾಲು. "ಅಪ್ಪ, ನನ್ ಡ್ಯೂಟಿ ಕಣಪ್ಪ!" ಎಂದು ಮಗಳು ಅವಸರ ಮಾಡಿದಳು. "ಬಂದೆ ಇರಮ್ಮ," ಎಂದು ಜೀನು ಇಳಿಸಿದೆ. ಕಾಲುಗಳ ಉಪ್ಪು ಹೋಗುವಂತೆ ಸಿಹಿನೀರು ಹುಯ್ದೆ, ಬೆನ್ನಿನ ಬೆವರು ಒರೆಸಿದೆ. ನಾಲ್ಕೂ ಗೊರಸು ಎತ್ತಿ ನೋಡಿ ಹಗ್ಗವನ್ನು ಒಡತಿಯ ಕೈಗೆ ಒಪ್ಪಿಸಿದೆ.