ಅಂಬಿಕಳ ಕಾಲು, ಅಂಬಿಕಳ ಕೈ

ಹೊಸಹೊಳಲಿನ ಅಂಬಿಕಳ ಕಾಲಿಗೆ ಕಣ್ಣಿದೆ ಅಂತ ಕಬಡ್ಡಿ ಆಡುವವರು ಈಗಲೂ ಹೇಳುತ್ತಾರೆ. ರೈಡಿಗೆ ಹೋದಾಗ ಅವಳು ನೋಡುವುದು ಎದುರಾಳಿಯ ಮುಖ, ಅಷ್ಟರಲ್ಲಿ ಹೆಬ್ಬೆರಳು ಇನ್ಯಾರದ್ದೋ ಮೊಣಕಾಲಿಗೆ ತಗುಲಿ ಆಗಿರುತ್ತದೆ. ಕಾಲಿನಿಂದ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಕೊಟ್ಟಿದ್ದೆಲ್ಲ ಕೈ.

ಯಾರಿಗಾದರೂ ಕಾಲು ತಾಕಿದರೆ ತಕ್ಷಣ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಸೀಮೆಯ ಪದ್ಧತಿ. ಅಂಬಿಕಳ ಅಜ್ಜಿ ಚಿಕ್ಕಬೋರಮ್ಮ ಇದನ್ನು ಮೊಮ್ಮಗಳಿಗೆ ಮಾತು ಬರುವ ಮೊದಲೇ ಕಲಿಸಿಬಿಟ್ಟಿದ್ದರು. ಹೈಸ್ಕೂಲಿನಲ್ಲಿ ಕೆ.ಆರ್. ಪೇಟೆಯ ತಾಲ್ಲೂಕು ಪಂದ್ಯಕ್ಕೆ ಹೋದಾಗ, ಒಬ್ಬಳಿಗೆ ಕಾಲು ತಗುಲಿಸಿ ಓಡಿ ಬರಬೇಕಾದವಳು ಬಗ್ಗಿ, ಅವಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎದುರಿನ ಹುಡುಗಿಯರು ಒಂದು ಗಳಿಗೆ ಕಕ್ಕಾಬಿಕ್ಕಿಯಾದರು. ಆಮೇಲೆ ಎಲ್ಲರೂ ಮೇಲೆ ಬಿದ್ದು ಹಿಡಿದರು.

"ಏನವ್ವಾ, ಕಬಡ್ಡಿ ಆಡಾಕ್ ಬಂದಿದ್ಯೋ, ಅರಕೆ ತೀರ್ಸಾಕ್ ಬಂದಿದ್ಯೋ?" ಎಂದರು ಆಟದ ಮೇಷ್ಟ್ರು ತಮ್ಮಯ್ಯ.

"ನಾನು ಬಗ್ಗಲ್ಲ ಸಾ, ಕೈ ತಾನೇ ಓಯ್ತದೆ. ಯಾಕೆ ಅಂತ್ಲೇ ತಿಳೀತಿಲ್ಲ!"

ಬೇರೆ ಹುಡುಗಿಯಾಗಿದ್ದರೆ ನಾಚಿ ಆಟ ಬಿಡುತ್ತಿದ್ದಳೇನೋ. ಅಂಬಿಕಳಿಗೆ ಹತ್ತಿದ್ದು ಕುತೂಹಲ. ಕೊಟ್ಟಿಗೆಯ ಕಂಬಕ್ಕೆ ಕಾಲು ತಾಕಿಸಿ ನೋಡಿದಳು, ಕೈ ಸುಮ್ಮನಿತ್ತು. ಕರುವಿಗೆ ತಾಕಿಸಿದಳು, ಕೈ ಹೋಯಿತು. ತಮ್ಮನನ್ನು ಒದ್ದಾಗ ಒಮ್ಮೆ ಹೋಯಿತು, ಅವನ ಮೇಲೆ ಸಿಟ್ಟಿದ್ದಾಗ ಹೋಗಲಿಲ್ಲ. ಹಾಗಾದರೆ ಸಿಟ್ಟೇ ಮದ್ದು ಅಂದುಕೊಂಡು ಅಂಕಣದಲ್ಲಿ ಎಲ್ಲರ ಮೇಲೂ ಸಿಟ್ಟು ತಂದುಕೊಳ್ಳಲು ನೋಡಿದಳು. ಏನು ಮಾಡಿದರೂ ಸಿಟ್ಟು ಬರಲಿಲ್ಲ.

ಮೈಸೂರಿನಲ್ಲಿ ಡಿಗ್ರಿ ಓದುವಾಗ ಇದೇ ಕೈಯಿಂದ ವಿಶ್ವವಿದ್ಯಾನಿಲಯದ ತಂಡದಲ್ಲಿ ಜಾಗ ಒಮ್ಮೆ ತಪ್ಪಿಹೋಯಿತು. ಆವತ್ತು ಹಾಸ್ಟೆಲಿನಲ್ಲಿ ಅವಳು ಗೋಳೋ ಎಂದು ಅತ್ತಳು. ಅತ್ತು ಸಾಕಾದ ಮೇಲೆ ಒಂದು ಯೋಚನೆ ಹೊಳೆಯಿತು. ಒದ್ದ ಮೇಲೆ ಕೇಳುವ ಕ್ಷಮೆಯನ್ನು ಒದೆಯುವ ಮೊದಲೇ ಕೇಳಿಬಿಟ್ಟರೆ?

ಮುಂದಿನ ಪಂದ್ಯದಲ್ಲಿ ಆಟಕ್ಕೆ ಮುಂಚೆ ಕೈಕುಲುಕುವಾಗ ಎದುರಾಳಿಗಳಲ್ಲಿ ಒಬ್ಬೊಬ್ಬರ ಕೈಯನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಶ್ಚರ್ಯವೆಂದರೆ, ಕೈಗೆ ಅಷ್ಟೇ ಸಾಕಾಯಿತು. ಗೆಳತಿಯರು ಅದಕ್ಕೆ 'ಮುಂಗಡ' ಎಂದು ಹೆಸರಿಟ್ಟು ಆಡಿಕೊಂಡರು. ಆಡಿಕೊಂಡರೇನಂತೆ, ಮರುವರ್ಷ ಅವಳು ತಂಡದಲ್ಲಿದ್ದಳು.

ಓದು ಮುಗಿಸಿ, ನಾಗಮಂಗಲದ ಸಂತೋಷನನ್ನು ಮದುವೆಯಾಗಿ, ಒಂದು ಮಗುವಾದ ಮೇಲೂ ಅಂಬಿಕ ದಸರಾ ಕ್ರೀಡಾಕೂಟಕ್ಕೆ ನಾಗಮಂಗಲದ ಪರ ಆಡುತ್ತಿದ್ದಳು. ಹಾಲಿನ ಡೈರಿಯ ಕೆಲಸ ಮುಗಿಸಿಕೊಂಡು ಮೈದಾನಕ್ಕೆ ಓಡುವ ಸೊಸೆಯನ್ನು ಅತ್ತೆ ದ್ಯಾವಮ್ಮ ಗೊಣಗುತ್ತಲೇ ಸಹಿಸಿಕೊಂಡಿದ್ದರು. ಅವರ ಸಹನೆ ಕಳೆದ ವರ್ಷ ಮುಗಿಯಿತು. ಶ್ರೀರಂಗಪಟ್ಟಣದಲ್ಲಿ ನಡೆದ ಫೈನಲಿನಲ್ಲಿ ಎದುರಾಳಿ ಪಾಂಡವಪುರ. ಆ ತಂಡದಲ್ಲಿದ್ದವಳು ದ್ಯಾವಮ್ಮನ ಮಗಳು, ಸಂತೋಷನ ಅಕ್ಕ ಸುಧ; ಅವಳನ್ನು ಕೊಟ್ಟಿದ್ದು ಅದೇ ಊರಿಗೆ.

"ಜನದ್ ಮುಂದೆ ನನ್ ಮಗಳ್ನ ಕಾಲಲ್ಲಿ ಮುಟ್ಟಿದ್ಯೋ, ಅದೇ ನಿನ್ ಕೊನೆ ಆಟ ಕಣವ್ವ" ಎಂದರು ದ್ಯಾವಮ್ಮ. ಅಷ್ಟು ಹೇಳಿ, ಅಂಕಣದ ಪಕ್ಕದಲ್ಲೇ, ಮಗಳ ಕಡೆಗೆ ಹೋಗಿ ಕೂತರು.

ಆಟಕ್ಕೆ ಮುಂಚೆ ಅಂಬಿಕ ಎಲ್ಲರ ಕೈಯನ್ನೂ ಕಣ್ಣಿಗೊತ್ತಿಕೊಂಡು ಬಂದಳು. ಸುಧ ಮಾತ್ರ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಕ್ಕಳು. ಮನೆಯವಳಲ್ಲವೇ, ಗುಟ್ಟು ಗೊತ್ತಿತ್ತು.

"ಮುಂಗಡ ಇಸ್ಕಳಾಕಿಲ್ಲ ಕಣೆ. ಇವತ್ತು ನೋಡೇಬುಡಾನ."

"ಅತ್ತಿಗೆ, ಕೈ ಕೊಡಿ ಅತ್ತಿಗೆ!" ಎಂದು ಅಂಬಿಕ ಅಂಗಲಾಚಿದರೂ ಅವಳು ಕೊಡಲಿಲ್ಲ.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ, ಎರಡೂ ತಂಡ ಸಮಸಮ. ರೈಡಿಗೆ ಹೋದ ಅಂಬಿಕಳ ಮುಂದೆ ಸುಧ ಬೇಕೆಂದೇ ಕಾಲು ಚಾಚಿ ನಿಂತಳು. ಮುಟ್ಟಿದರೆ ಇವಳು ಬಗ್ಗೇ ಬಗ್ಗುತ್ತಾಳೆ, ಆಗ ಹಿಡಿಯಬಹುದು ಎಂಬುದು ಅವಳ ಲೆಕ್ಕ. ಮುಟ್ಟದೆ ಬರಬಹುದಿತ್ತು. ಅತ್ತೆ ಹೇಳಿದ್ದು ನೆನಪಿತ್ತು, ಆದರೆ ಅಂಬಿಕಳ ಕಾಲು ಅಂಥ ಜಾಗವನ್ನು ಎಂದೂ ಬಿಟ್ಟಿದ್ದಲ್ಲ. ಹೆಬ್ಬೆರಳು ತಗುಲಿತು. ಬಲಗೈ ಕೆಳಗಿಳಿಯಿತು. ಅಂಬಿಕ ಎಡಗೈಯಿಂದ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಬಡ್ಡಿ ಕಬಡ್ಡಿ ಎನ್ನುತ್ತಲೇ ನಡುಗೆರೆ ದಾಟಿ ಬಂದುಬಿಟ್ಟಳು.

ನಾಗಮಂಗಲದವರು ಕೇಕೆ ಹಾಕಿದರು. ಅಂಬಿಕಳಿಗೆ ಅದು ಕೇಳಿಸಲಿಲ್ಲ. ಅತ್ತಿಗೆಯನ್ನು ಒದ್ದೆ, ಮುಟ್ಟಲಿಲ್ಲ ಎಂಬ ಸಂಕಟವೊಂದೇ ಎದೆಯಲ್ಲಿತ್ತು. ಎಡಗೈ ಸಡಿಲವಾಯಿತು, ಬಲಗೈ ಮುಂದಾಯಿತು, ಅದರ ಹಿಂದೆಯೇ ಅವಳೂ ಸುಧಳ ಕಡೆಗೆ ಹೊರಟಳು. ರೈಡು ಮುಗಿದ ಮೇಲೆ ಗೆರೆಯ ಆ ಕಡೆ ಕಾಲಿಟ್ಟರೆ ಎದುರಾಳಿಗೆ ಪಾಯಿಂಟು. ಗೆದ್ದದ್ದೆಲ್ಲ ಹೋಗುತ್ತಿತ್ತು.

"ಅಯ್ಯೋ, ಗೆರೆ ದಾಟ್ಬ್ಯಾಡ್ವೇ ಅಂಬಿಕ!"

ಕೂಗಿದವರು ಪಾಂಡವಪುರದವರ ನಡುವೆ ಎದ್ದು ನಿಂತಿದ್ದ ದ್ಯಾವಮ್ಮ. ಸೆರಗು ಜಾರಿದ್ದೂ ಅವರಿಗೆ ಗೊತ್ತಿರಲಿಲ್ಲ.

"ಅವ್ಳು ಎಲ್ಲಿಗೂ ಓಗಾಕಿಲ್ಲ, ಮನೇಲಿ ಮುಟ್ಟೀವಂತೆ! ಮೊದ್ಲು ಆಟ ಮುಗ್ಸು!"